ದಿನನಿತ್ಯದ ಸಾಗಣೆಗೆ ಯಾವ ವಾಹನ? ವಿದ್ಯುತ್ ವಾಹನವೋ, ದೊಡ್ಡ ಪಿಕಪ್ಪೋ

ವರ್ತಕರ ಲಾಭ-ನಷ್ಟದ ತಃಖ್ತೆಯಲ್ಲಿ ಬಾಡಿಗೆ, ಸಂಬಳ ಹಾಗೂ ಬಡ್ಡಿಯ ಬಾಬ್ತುಗಳನ್ನು ಮಾಲೀಕರು ಬೆರಳಿಟ್ಟು ಪರಿಶೀಲಿಸುತ್ತಾರೆ. ಆದರೆ ‘ವಾಹನ ವೆಚ್ಚ’ ಎಂಬ ಬಾಬ್ತಿನ ಮುಂದೆ ಬೆರಳು ನಿಲ್ಲುವುದು ಅಪರೂಪ. ಗಾಡಿ ಇದ್ದ ಮೇಲೆ ಡೀಸೆಲ್ ಹಾಕಿಸಲೇಬೇಕು ಎಂಬ ಸಮಾಧಾನದಲ್ಲಿ ಆ ಸಾಲು ದಾಟಿಹೋಗುತ್ತದೆ. ಮಧ್ಯಮ ಪ್ರಮಾಣದ ಒಬ್ಬ ಸಗಟು ವ್ಯಾಪಾರಿಯ ಮಟ್ಟಿಗೆ ಈ ಒಂದು ಸಾಲು ವರ್ಷದ ನಿವ್ವಳ ಲಾಭದ ಗಣನೀಯ ಪಾಲನ್ನು ನುಂಗಬಲ್ಲದು ಎಂಬುದನ್ನು ಮರೆಯುವಂತಿಲ್ಲ.

ಇಂದು ಹಳೆಯ ಗಾಡಿಯನ್ನು ಬದಲಿಸಲು ಹೊರಟ ವರ್ತಕರ ಮುಂದೆ ಎರಡು ದಾರಿಗಳಿವೆ. ಒಂದು, ಒಂದೂಕಾಲು ಟನ್ನಿನಿಂದ ಎರಡು ಟನ್ನಿನವರೆಗೆ ಭಾರ ಹೊರುವ ದೊಡ್ಡ ಡೀಸೆಲ್ ಪಿಕಪ್. ಇನ್ನೊಂದು, ಅರ್ಧ ಟನ್ನಿನಿಂದ ಒಂದು ಟನ್ನಿನವರೆಗೆ ಹೊರುವ ವಿದ್ಯುತ್ ಚಾಲಿತ ತ್ರಿಚಕ್ರ ಅಥವಾ ಚತುಶ್ಚಕ್ರ ಸರಕು ವಾಹನ. ಮೊದಲನೆಯದರ ಪರವಾಗಿ ಅನುಭವ ಮಾತನಾಡುತ್ತದೆ, ಎರಡನೆಯದರ ಪರವಾಗಿ ಜಾಹೀರಾತು ಮಾತನಾಡುತ್ತದೆ. ತೀರ್ಮಾನವನ್ನು ಇವೆರಡಕ್ಕೂ ಬಿಡದೆ ಲೆಕ್ಕಪುಸ್ತಕಕ್ಕೆ ಬಿಡುವುದೇ ಯುಕ್ತ.

ವಾಹನ ಖರೀದಿಯಲ್ಲಿ ಸಾಮಾನ್ಯವಾಗಿ ನಡೆಯುವ ಒಂದು ಅಚಾತುರ್ಯವನ್ನು ಇಲ್ಲಿ ಗಮನಿಸಬೇಕು. ವ್ಯಾಪಾರಿಯು ತನ್ನ ಸಾಧಾರಣ ದಿನವನ್ನು ಮುಂದಿಟ್ಟುಕೊಂಡು ಗಾಡಿಯನ್ನು ಆರಿಸುವುದಿಲ್ಲ. ವರ್ಷದ ಅತಿ ಭಾರದ ದಿನವನ್ನು ಮುಂದಿಟ್ಟುಕೊಂಡು ಆರಿಸುತ್ತಾನೆ. ದೀಪಾವಳಿಯ ಹಿಂದಿನ ವಾರ ಅಂಗಡಿಯ ಮುಂದೆ ರಾಶಿ ಬಿದ್ದ ಪೆಟ್ಟಿಗೆಗಳು, ಮದುವೆಯ ಹಂಗಾಮಿನಲ್ಲಿ ಒಮ್ಮೆಲೇ ಬಂದ ಬೇಡಿಕೆ, ಎಂದೋ ಒಮ್ಮೆ ಘಟ್ಟದ ಕೆಳಗಿನ ಊರಿಗೆ ಕಳುಹಿಸಬೇಕಾಗಿ ಬಂದ ಒಂದೂವರೆ ಟನ್ ಸರಕು, ಇವೇ ಮನಸ್ಸಿನಲ್ಲಿ ಉಳಿಯುತ್ತವೆ. ಮಿಕ್ಕ ಮುನ್ನೂರು ದಿನ ಅದೇ ಗಾಡಿ ಮುನ್ನೂರೈವತ್ತು ಕಿಲೋ ಬಿಸ್ಕತ್ತು, ಸಾಬೂನು, ಚಹಾಪುಡಿ ಹೊತ್ತು ನಲವತ್ತು ಅಂಗಡಿಗಳ ಮುಂದೆ ನಿಂತು, ಮರಳಿ ಬರುವಾಗ ಖಾಲಿ ಡಬ್ಬಗಳನ್ನಷ್ಟೇ ತರುತ್ತದೆ. ಎರಡು ಟನ್ ಹೊರುವ ಎಂಜಿನ್ನಿಗೆ ಮುನ್ನೂರೈವತ್ತು ಕಿಲೋ ಹೊರಿಸಿದ ಮಾತ್ರಕ್ಕೆ ಅದು ಆರನೇ ಒಂದು ಭಾಗದಷ್ಟೇ ಡೀಸೆಲ್ ಕುಡಿಯುವುದಿಲ್ಲ. ಗಾಡಿಯ ಸ್ವಂತ ತೂಕವನ್ನು ಎಳೆಯುವ ಖರ್ಚು ಹಾಗೆಯೇ ಉಳಿಯುತ್ತದೆ.

ಈ ಪಾಠ ಹೊಸದಲ್ಲ. 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದಾಗ, ತ್ರಿಚಕ್ರ ಗೂಡ್ಸ್ ಆಟೋಕ್ಕೂ ದೊಡ್ಡ ಲಾರಿಗೂ ನಡುವೆ ಇದ್ದ ತೆರಪನ್ನು ಮುಕ್ಕಾಲು ಟನ್ನಿನ ಒಂದು ಪುಟ್ಟ ಗಾಡಿ ತುಂಬಿತು. ‘ಛೋಟಾ ಹಾಥಿ’ ಎಂದು ದೇಶವೇ ಅದನ್ನು ಕರೆಯಿತು. ಅದರ ಗೆಲುವಿಗೆ ಕಾರಣ ಬಲವಾಗಲಿ ವೇಗವಾಗಲಿ ಅಲ್ಲ, ನಿತ್ಯದ ಸರಕಿನ ಅಳತೆಗೆ ಸರಿಹೊಂದಿದ್ದು. ಅದೇ ಏಸ್‌ನ ವಿದ್ಯುತ್ ಮಾದರಿ 2022ರ ಮೇ ತಿಂಗಳಲ್ಲಿ 600 ಕಿಲೋ ಭಾರ ಸಾಮರ್ಥ್ಯದೊಡನೆ ಪ್ರಕಟವಾಯಿತು. 21.3 ಕಿಲೋವ್ಯಾಟ್-ಅವರ್ ಬ್ಯಾಟರಿಗೆ 154 ಕಿ.ಮೀ. ಪ್ರಮಾಣಿತ ವ್ಯಾಪ್ತಿಯನ್ನು ತಯಾರಕರು ಘೋಷಿಸಿದರು. 2024ರಲ್ಲಿ ಒಂದು ಟನ್ ಹೊರುವ ಮಾದರಿಯೂ ಬಂದಿತು.

ಕರ್ನಾಟಕದ ವರ್ತಕರಿಗೆ ವಿದ್ಯುತ್ ವಾಹನದ ಬಗೆಗೆ ಇರುವ ಸಂಶಯಕ್ಕೆ ಬೆಂಗಳೂರಿನಲ್ಲಿಯೇ ಒಂದು ಹಿನ್ನೆಲೆಯಿದೆ. 2001ರಲ್ಲಿ ಅಲ್ಲಿಂದ ಹೊರಬಂದ ರೇವಾ ಕಾರು ಸೀಸ-ಆಮ್ಲದ ಬ್ಯಾಟರಿಯನ್ನು ನಂಬಿಕೊಂಡಿತ್ತು. ಒಂದು ಸಲ ಚಾರ್ಜು ಮಾಡಿದರೆ ಎಂಬತ್ತು ಕಿ.ಮೀ. ಆಸುಪಾಸು ಓಡುತ್ತಿತ್ತು. ಅಂತಹ ಬ್ಯಾಟರಿಗೆ ಕೆಲವೇ ವರ್ಷಗಳ ಆಯುಷ್ಯ. ಬದಲಿಸುವ ಖರ್ಚು ಕೇಳಿ ಹಿಂಜರಿದವರು ಬಹಳ ಮಂದಿ. 2010ರಲ್ಲಿ ಆ ಸಂಸ್ಥೆಯ ಬಹುಪಾಲು ಷೇರುಗಳು ಮಹೀಂದ್ರಾದ ಕೈಸೇರಿದವು. ಅದೇ ಪರಂಪರೆಯಿಂದ 2020ರಲ್ಲಿ ಟ್ರಿಯೊ ಜೋರ್ ಎಂಬ ಸರಕು ತ್ರಿಚಕ್ರ ವಾಹನ 550 ಕಿಲೋ ಸಾಮರ್ಥ್ಯದೊಡನೆ ಬಂದಿತು. ಈಗಿನ ವಾಹನಗಳಲ್ಲಿರುವುದು ಲಿಥಿಯಂ ಬ್ಯಾಟರಿ. ಅದರ ಬಾಳಿಕೆ ಬೇರೆ, ಖಾತರಿ ಕರಾರು ಬೇರೆ. ರೇವಾ ಕಾಲದ ಅನುಭವವನ್ನು ಇಂದಿನ ಗಾಡಿಯ ಮೇಲೆ ಹೇರುವುದು ನ್ಯಾಯವಲ್ಲ.

ಇನ್ನು ಅಂಕಿಗಳತ್ತ ಗಮನ ಹರಿಸಬಹುದು. ಕೆಳಗಿನ ಲೆಕ್ಕ ಉದಾಹರಣೆಗಾಗಿ ಮಾತ್ರ. ಪ್ರತಿಯೊಬ್ಬರೂ ತಮ್ಮ ತಮ್ಮ ಅಂಕಿಗಳನ್ನು ಅದೇ ಜಾಗದಲ್ಲಿ ಇಟ್ಟು ನೋಡತಕ್ಕದ್ದು. ರಾಜ್ಯದಲ್ಲಿ 2025ರ ಏಪ್ರಿಲ್‌ನಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿದ ಬಳಿಕ ಬೆಂಗಳೂರಿನಲ್ಲಿ ಲೀಟರಿನ ಬೆಲೆ ಸುಮಾರು 91 ರೂ. ಆಯಿತು. ಪೇಟೆಯ ಓಡಾಟದಲ್ಲಿ ದೊಡ್ಡ ಪಿಕಪ್ ಲೀಟರಿಗೆ 11 ಕಿ.ಮೀ. ಕೊಡುತ್ತದೆ ಎಂದು ಹಿಡಿದರೆ ಇಂಧನ ವೆಚ್ಚ ಕಿ.ಮೀ.ಗೆ ಸುಮಾರು ಎಂಟೂಕಾಲು ರೂ. ಸಣ್ಣ ವಿದ್ಯುತ್ ಚತುಶ್ಚಕ್ರ ವಾಹನವು ಚಾರ್ಜಿಂಗ್ ಸೋರಿಕೆಯೂ ಸೇರಿ ಕಿ.ಮೀ.ಗೆ 0.18 ಯೂನಿಟ್ ಬಳಸುತ್ತದೆ, ಯೂನಿಟ್ಟಿಗೆ 8 ರೂ. ಬೀಳುತ್ತದೆ ಎಂದು ಹಿಡಿದರೆ ಕಿ.ಮೀ.ಗೆ ಒಂದೂವರೆ ರೂ. ಒಳಗೆ ಮುಗಿಯುತ್ತದೆ. ದಿನಕ್ಕೆ 60 ಕಿ.ಮೀ.ಯಂತೆ ವರ್ಷಕ್ಕೆ 300 ದಿನ ಓಡಿದರೆ 18,000 ಕಿ.ಮೀ. ಪಿಕಪ್‌ಗೆ ತಗಲುವ ಡೀಸೆಲ್ ಸುಮಾರು 1,49,000 ರೂ., ವಿದ್ಯುತ್ ವಾಹನಕ್ಕೆ 27,000 ರೂ. ಅಂತರ 1,22,000 ರೂ.

ಈಗ ಆ ಭಾರದ ದಿನಗಳ ಪ್ರಶ್ನೆ. ಅಂತಹ ದಿನ ಹೊರಗಿನಿಂದ ಪಿಕಪ್ ಬಾಡಿಗೆಗೆ ತರಿಸಿದರೆ ದಿನವೊಂದಕ್ಕೆ 3,000 ರೂ. ಆಗುತ್ತದೆ ಎಂದಿಟ್ಟುಕೊಂಡರೂ ಮೇಲಿನ ಉಳಿತಾಯದಲ್ಲಿ ವರ್ಷಕ್ಕೆ ನಲವತ್ತು ದಿನ ಬಾಡಿಗೆ ಗಾಡಿ ತರಿಸಬಹುದು. ಆದುದರಿಂದ ದೊಡ್ಡ ಪಿಕಪ್ ಕೊಳ್ಳಬೇಕೇ ಎಂಬ ಪ್ರಶ್ನೆ ಕೊನೆಗೆ ಒಂದೇ ಅಂಕಿಗೆ ಬಂದು ನಿಲ್ಲುತ್ತದೆ: ವರ್ಷದಲ್ಲಿ ಎಷ್ಟು ದಿನ ಸರಕು ಒಂದು ಟನ್ ಮೀರುತ್ತದೆ? ಅದು ಹದಿನೈದು ದಿನವಾದರೆ ಸ್ವಂತ ಪಿಕಪ್ ದುಬಾರಿ ಶೋಕಿ. ಅದು ನೂರು ದಿನವಾದರೆ ಸ್ವಂತ ಪಿಕಪ್ ಅನಿವಾರ್ಯ ಉಪಕರಣ. ಬಹುತೇಕ ವ್ಯಾಪಾರಿಗಳ ಬಳಿ ಈ ಅಂಕಿಯೇ ಇಲ್ಲ. ಕೇಳಿದರೆ ‘ಬಹಳ ಸಲ’ ಎಂಬ ಉತ್ತರ ಬರುತ್ತದೆ. ಒಂದು ವರ್ಷದ ಮಾರಾಟ ಬಿಲ್ಲುಗಳನ್ನೂ ಇ-ವೇ ಬಿಲ್ಲುಗಳನ್ನೂ ತೆಗೆದು, ದಿನವಾರು ತೂಕ ಮತ್ತು ದೂರವನ್ನು ಒಬ್ಬ ಗುಮಾಸ್ತರಿಂದ ಬರೆಯಿಸಿದರೆ ಎರಡು ದಿನದಲ್ಲಿ ಇದು ತಿಳಿದುಬರುತ್ತದೆ. ಹತ್ತು ಲಕ್ಷ ರೂಪಾಯಿಯ ಖರೀದಿಗೆ ಮುನ್ನ ಎರಡು ದಿನದ ಈ ಶ್ರಮ ಹೆಚ್ಚೇನಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ವಿದ್ಯುತ್ ವಾಹನ ಎಲ್ಲರಿಗೂ ಸಲ್ಲುತ್ತದೆಂದು ಭಾವಿಸಬಾರದು. ‘ಹತ್ತಿರದಲ್ಲೇ ಓಡುವವರಿಗೆ, ಸ್ವಲ್ಪವೇ ಓಡುವವರಿಗೆ ವಿದ್ಯುತ್ ವಾಹನ ಒಳ್ಳೆಯದು’ ಎಂಬ ಮಾತು ಪೇಟೆಯಲ್ಲಿ ಪ್ರಚಲಿತವಾಗಿದೆ. ಇದರ ಮೊದಲರ್ಧ ಸರಿ, ಉತ್ತರಾರ್ಧ ತಪ್ಪು. ಒಂದೇ ಅಳತೆಯ ಪೆಟ್ರೋಲ್ ಗಾಡಿಗೂ ವಿದ್ಯುತ್ ಗಾಡಿಗೂ ಬೆಲೆಯಲ್ಲಿ ಎರಡೂವರೆ ಲಕ್ಷ ರೂ. ಅಂತರವಿದೆ, ಪೆಟ್ರೋಲ್ ಗಾಡಿಯ ಇಂಧನ ವೆಚ್ಚ ಕಿ.ಮೀ.ಗೆ 6 ರೂ. ಎಂದಿಟ್ಟುಕೊಂಡರೆ, ವಿದ್ಯುತ್ ಗಾಡಿ ಉಳಿಸುವುದು ಕಿ.ಮೀ.ಗೆ ನಾಲ್ಕೂವರೆ ರೂ. ಹೆಚ್ಚುವರಿ ಬೆಲೆ ಮರಳಿ ಬರಲು ಸುಮಾರು 55,500 ಕಿ.ಮೀ. ಓಡಬೇಕು. ದಿನಕ್ಕೆ 80 ಕಿ.ಮೀ. ಓಡುವವರಿಗೆ ಇದು ಎರಡು ವರ್ಷ ನಾಲ್ಕು ತಿಂಗಳ ಮಾತು. ದಿನಕ್ಕೆ 25 ಕಿ.ಮೀ. ಓಡುವವರಿಗೆ ಏಳು ವರ್ಷಕ್ಕೂ ಹೆಚ್ಚು, ಅದೂ ಬಡ್ಡಿಯನ್ನು ಲೆಕ್ಕಕ್ಕೆ ಹಿಡಿಯದೆ. ಅಷ್ಟರಲ್ಲಿ ಬ್ಯಾಟರಿಯ ಖಾತರಿಯ ಅವಧಿ ಮುಗಿದಿರಬಹುದು. ಹಾಗಾಗಿ ಇದು ಗೊತ್ತಾದ ಪರಿಧಿಯೊಳಗೆ ಬಹಳ ಓಡುವವರ ವಾಹನ. ಗೋದಾಮಿನಿಂದ ಅಂಗಡಿಗೆ ದಿನಕ್ಕೆ ಎರಡೇ ಬಾರಿ ಹೋಗಿಬರುವವರದಲ್ಲ. ಅಂತಹವರು ಹಳೆಯ ಗಾಡಿಯನ್ನೇ ಇನ್ನೆರಡು ವರ್ಷ ದುಡಿಸುವುದು ಲೇಸು.

ಹುಬ್ಬಳ್ಳಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಅಮರಗೋಳದ ಮಾರುಕಟ್ಟೆ ಪ್ರಾಂಗಣದಿಂದ ಧಾರವಾಡದ ಅಂಗಡಿಗಳಿಗೆ ಸರಕು ಹಂಚುವವರು ದಿನಕ್ಕೆ ಎರಡು ಸುತ್ತು ಹಾಕಿದರೂ ನೂರು ಕಿ.ಮೀ. ಒಳಗೇ ಇರುತ್ತಾರೆ, ರಾತ್ರಿ ಗಾಡಿ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಔಷಧ ವಿತರಕರು, ಬೇಕರಿಯವರು, ಹಾಲಿನ ಉತ್ಪನ್ನದವರು ಈ ವರ್ಗಕ್ಕೆ ಸೇರುತ್ತಾರೆ. ಬೆಂಗಳೂರಿನ ಪೀಣ್ಯದಲ್ಲಿ ಬಿಡಿಭಾಗಗಳನ್ನು ಕಡೆದು, ಲೇಪನಕ್ಕೂ ಹದಗೊಳಿಸುವಿಕೆಗೂ ಪಕ್ಕದ ಬೀದಿಗಳಿಗೆ ಕಳುಹಿಸಿ ಮರಳಿ ತರಿಸುವ ಸಣ್ಣ ಕಾರ್ಖಾನೆಗಳ ಸ್ಥಿತಿಯೂ ಇಂತಹುದೇ. ಹಲವರು ಸೇರಿ ಒಂದು ಗಾಡಿ ಇಟ್ಟುಕೊಂಡರೆ ಓಟವೂ ಸಾಕಷ್ಟಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯವರು ಎರಕದ ಸಾಮಾನು ಹೊರಿಸಿದರೆ ಗಾಡಿಯ ತಳ ತುಂಬುವ ಮೊದಲೇ ತೂಕ ಟನ್ ದಾಟುತ್ತದೆ. ಹುಬ್ಬಳ್ಳಿಯಿಂದ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲಾ, ಕಾರವಾರಗಳಿಗೆ ಟೈಲ್ಸ್ ಅಥವಾ ಸಿಮೆಂಟ್ ಕಳುಹಿಸುವವರು ಅದೇ ಘಟ್ಟವನ್ನು ಮರಳಿ ಹತ್ತಬೇಕು. ಭಾರ, ದೂರ, ಏರು ಮೂರೂ ಕೂಡಿದ ಇಂತಹ ಕೆಲಸಕ್ಕೆ ಸದ್ಯಕ್ಕೆ ಡೀಸೆಲ್ ಪಿಕಪ್ಪೇ ಯೋಗ್ಯ. ಇದನ್ನು ಒಪ್ಪಿಕೊಳ್ಳಲು ಸಂಕೋಚ ಬೇಕಿಲ್ಲ.

ಭಾರವನ್ನೂ ದೂರವನ್ನೂ ಬ್ಯಾಟರಿಯಿಂದಲೇ ನಿಭಾಯಿಸಲು ಹೊರಟರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ನಿದರ್ಶನ ಕಣ್ಣಮುಂದಿದೆ. ದೊಡ್ಡ ಪಿಕಪ್ಪುಗಳನ್ನೇ ಮನೆಯ ಕಾರಿನಂತೆ ಬಳಸುವ ಆ ದೇಶದಲ್ಲಿ ಫೋರ್ಡ್ ಕಂಪನಿ ತನ್ನ ಎಫ್-150 ಪಿಕಪ್ಪಿನ ವಿದ್ಯುತ್ ಮಾದರಿಯನ್ನು 2022ರಲ್ಲಿ ಮಾರಾಟಕ್ಕೆ ತಂದಿತು. ಸುಮಾರು ನೂರು ಯೂನಿಟ್ ಹಿಡಿಯುವ ಬ್ಯಾಟರಿ ಅದರದು. ಆದರೂ ಹಿಂದೆ ಭಾರದ ಟ್ರೇಲರ್ ಕಟ್ಟಿ ಎಳೆಸಿದಾಗ ವ್ಯಾಪ್ತಿ ತೀವ್ರವಾಗಿ ಕುಸಿಯುತ್ತಿತ್ತು. 2025ರ ಡಿಸೆಂಬರ್‌ನಲ್ಲಿ ಕಂಪನಿಯು ಆ ಮಾದರಿಯ ತಯಾರಿಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು.

ತೆರಿಗೆಯ ವಿಚಾರಕ್ಕೆ ಬಂದರೆ, ಮಾರಾಟಗಾರರ ಮಾತನ್ನು ತುಸು ಸೋಸಿ ಕೇಳಬೇಕು. ವಿದ್ಯುತ್ ವಾಹನಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು 2019ರ ಆಗಸ್ಟ್ 1ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿಸಲಾಯಿತು. ಡೀಸೆಲ್ ಮತ್ತು ಪೆಟ್ರೋಲ್ ಸರಕು ವಾಹನಗಳ ಮೇಲಿನ ದರ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಹೀಗಾಗಿ ‘ವಿದ್ಯುತ್ ಗಾಡಿಯಲ್ಲಿ ತೆರಿಗೆಯೇ ಶೇ. 13 ಉಳಿಯುತ್ತದೆ’ ಎಂಬ ಮಾತು ಕೇಳಿಬರುತ್ತದೆ. ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿತರಾದ, ತೆರಿಗೆಗೊಳಪಟ್ಟ ಸರಕಿನ ವರ್ತಕರಿಗೆ ಇದು ಉಳಿತಾಯವೇ ಅಲ್ಲ. ಸರಕು ಸಾಗಣೆಯ ವಾಹನಕ್ಕೆ ಕೊಟ್ಟ ತೆರಿಗೆಯನ್ನು ಅವರು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದಾದ್ದರಿಂದ ಶೇ. 5 ಕೊಟ್ಟರೂ ಶೇ. 18 ಕೊಟ್ಟರೂ ಕೊನೆಗೆ ಒಂದೇ. ಹಣ ಕೆಲವು ತಿಂಗಳು ಸಿಕ್ಕಿಹಾಕಿಕೊಳ್ಳುತ್ತದೆ ಅಷ್ಟೆ. ಕಾಂಪೋಸಿಷನ್ ಪದ್ಧತಿಯಲ್ಲಿರುವವರಿಗೆ, ತೆರಿಗೆ ವಿನಾಯಿತಿಯ ಸರಕನ್ನೇ ಮಾರುವವರಿಗೆ ಈ ಜಮೆ ದೊರೆಯದು; ಅವರ ಪಾಲಿಗೆ ಮಾತ್ರ ದರದ ಅಂತರ ನಿಜವಾದ ಅಂತರ. ಜಮೆ ಪಡೆದ ತೆರಿಗೆಯ ಮೊತ್ತವನ್ನು ವಾಹನದ ಬೆಲೆಗೆ ಸೇರಿಸಿ ಅದರ ಮೇಲೆ ಸವಕಳಿಯನ್ನೂ ಪಡೆಯುವುದು ಕಾನೂನುಬಾಹಿರ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಇದು ಪದೇ ಪದೇ ನಡೆಯುತ್ತದೆ.

ನಿಜವಾದ ತೆರಿಗೆ ಅಂತರವಿರುವುದು ಇಂಧನದಲ್ಲಿ. ಡೀಸೆಲ್ ಮತ್ತು ಪೆಟ್ರೋಲ್ ಇಂದಿಗೂ ಸರಕು ಮತ್ತು ಸೇವಾ ತೆರಿಗೆಯ ಹೊರಗಿವೆ. ಅವುಗಳ ಮೇಲಿನ ಕೇಂದ್ರದ ಅಬಕಾರಿ ಸುಂಕಕ್ಕಾಗಲಿ ರಾಜ್ಯದ ಮಾರಾಟ ತೆರಿಗೆಗಾಗಲಿ ಯಾವ ಜಮೆಯೂ ಇಲ್ಲ. ಕೊಟ್ಟದ್ದು ಪೂರ್ತಿ ಖರ್ಚೇ.

ಸವಕಳಿಯ ಅನುಕೂಲವೂ ಗಮನಾರ್ಹ. 1962ರ ಆದಾಯ ತೆರಿಗೆ ನಿಯಮಾವಳಿಯ ಪಟ್ಟಿಯಲ್ಲಿ ಸ್ವಂತ ಸರಕು ಸಾಗಿಸುವ ಸಾಧಾರಣ ವಾಹನಕ್ಕೆ ಶೇ. 15, ಬಾಡಿಗೆಗೆ ಓಡಿಸುವ ಲಾರಿಗಳಿಗೆ ಶೇ. 30, ವಿದ್ಯುತ್ ಚಾಲಿತ ವಾಹನಕ್ಕೆ ಶೇ. 40 ಸವಕಳಿ ಇತ್ತು. ಏಳು ಲಕ್ಷದ ಗಾಡಿಗೆ ಮೊದಲ ವರ್ಷ 1,05,000 ರೂ. ಬದಲು 2,80,000 ರೂ. ಎಂದಾಯಿತು. ಶೇ. 30ರ ದರ ಮತ್ತು ಸೆಸ್ ತೆರುವ ಪಾಲುದಾರಿಕೆ ಸಂಸ್ಥೆಗೆ ಆ ವರ್ಷ 54,600 ರೂ. ತೆರಿಗೆ ಕಡಿಮೆಯಾಗುತ್ತದೆ. ಇದು ಮುಂದೂಡಿಕೆಯೇ ಹೊರತು ಮಾಫಿಯಲ್ಲ. ಮುಂದಿನ ವರ್ಷಗಳಲ್ಲಿ ಸವಕಳಿ ಬೇಗ ಕರಗಿ ತೆರಿಗೆ ಹೆಚ್ಚುತ್ತದೆ. ವಾಹನವನ್ನು ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಮೊದಲ ವರ್ಷ ಅರ್ಧ ಮಾತ್ರ ಸಲ್ಲುತ್ತದೆ, ಆದ್ದರಿಂದ ಮಾರ್ಚಿಯಲ್ಲಿ ಅವಸರದಿಂದ ಕೊಳ್ಳುವವರು ಎಣಿಸಿದಷ್ಟು ಪಡೆಯಲಾರರು. ವಹಿವಾಟಿನ ಮೇಲೆ ಅಂದಾಜು ಲಾಭ ಘೋಷಿಸುವ ಸಣ್ಣ ವ್ಯಾಪಾರಿಗಳಿಗಂತೂ ಸವಕಳಿ ಅದರಲ್ಲೇ ಅಡಕವೆಂದು ಭಾವಿಸಲಾಗುವುದರಿಂದ ಈ ಲಾಭವೇ ಇಲ್ಲ. 2025ರ ಹೊಸ ಆದಾಯ ತೆರಿಗೆ ಕಾಯಿದೆಗೆ 2026ರ ಏಪ್ರಿಲ್ 1 ಜಾರಿಯ ದಿನವಾದ್ದರಿಂದ ಅನಂತರದ ಖರೀದಿಗೆ ಹೊಸ ನಿಯಮಾವಳಿಯ ಪಟ್ಟಿಯನ್ನೇ ನೋಡಿಕೊಳ್ಳಬೇಕು. ವಿದ್ಯುತ್ ವಾಹನ ಸಾಲದ ಬಡ್ಡಿಗೆ ವೈಯಕ್ತಿಕ ತೆರಿಗೆದಾರರಿಗಿದ್ದ ಒಂದೂವರೆ ಲಕ್ಷ ರೂ. ಕಡಿತ 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗೆ ಮಾತ್ರ. ಅದನ್ನು ತೋರಿಸಿ ಇಂದು ಗಾಡಿ ಮಾರುವವರಿದ್ದರೆ ಅವರ ಕೈಪಿಡಿ ಹಳೆಯದು.

ಸಹಾಯಧನವನ್ನು ನೆಚ್ಚಿ ಲೆಕ್ಕ ಹಾಕುವುದಂತೂ ಬೇಡ. 2019ರಲ್ಲಿ ಆರಂಭವಾದ ಫೇಮ್ ಯೋಜನೆಯ ಎರಡನೆಯ ಹಂತ 2024ರ ಮಾರ್ಚ್‌ನಲ್ಲಿ ಮುಗಿಯಿತು. ಅದೇ ಅಕ್ಟೋಬರ್‌ನಲ್ಲಿ ಬಂದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ತ್ರಿಚಕ್ರ ವಾಹನದ ನೆರವು ಮೊದಲು ಬ್ಯಾಟರಿಯ ಪ್ರತಿ ಕಿಲೋವ್ಯಾಟ್-ಅವರ್‌ಗೆ 5,000 ರೂ. ಇದ್ದುದು ಎರಡನೆಯ ವರ್ಷ 2,500ಕ್ಕೆ ಇಳಿಯಿತು. ರಾಜ್ಯದ ರಸ್ತೆ ತೆರಿಗೆ ವಿನಾಯಿತಿಗೂ 2024ರಲ್ಲಿ ಕತ್ತರಿ ಬಿದ್ದು, 25 ಲಕ್ಷ ರೂ. ಮೀರಿದ ವಿದ್ಯುತ್ ವಾಹನಗಳಿಗೆ ತೆರಿಗೆ ಬಂದಿತು. ಸಹಾಯಧನವಿಲ್ಲದೆಯೂ ಲೆಕ್ಕ ಕೂಡಿಬಂದರೆ ಮಾತ್ರ ಕೊಳ್ಳಬೇಕು. ದೊರೆತರೆ ಅದು ಹೆಚ್ಚುವರಿ.

ಪಿಕಪ್ ಪರವಾಗಿ ಬಹಿರಂಗವಾಗಿ ಯಾರೂ ಹೇಳದ ಒಂದು ಕಾರಣವಿದೆ: ಒಂದೂವರೆ ಟನ್ನಿನ ಗಾಡಿಗೆ ಎರಡೂವರೆ ಟನ್ ಹೇರಬಹುದು ಎಂಬುದು. 2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಕಾಯಿದೆಯಲ್ಲಿ ಅಧಿಕ ಭಾರಕ್ಕೆ 20,000 ರೂ., ಮೇಲಿನ ಪ್ರತಿ ಟನ್ನಿಗೆ ಮತ್ತೆ 2,000 ರೂ. ದಂಡ ನಿಗದಿಯಾಗಿದೆ. ಅಪಘಾತವಾದಲ್ಲಿ ವಿಮಾ ಕಂಪನಿ ಎತ್ತುವ ಮೊದಲ ತಕರಾರೂ ಇದೇ. ಇಂತಹ ‘ಉಳಿತಾಯ’ವನ್ನು ಯಾವ ಲೆಕ್ಕದಲ್ಲೂ ಜಮೆಗೆ ಹಿಡಿಯಲಾಗದು. ವಿದ್ಯುತ್ ವಾಹನಕ್ಕೆ ಮಿತಿಮೀರಿ ಹೇರಿದರಂತೂ ದಾರಿಯಲ್ಲೇ ಚಾರ್ಜು ಮುಗಿಯುತ್ತದೆ, ಖಾತರಿಯ ಹಕ್ಕಿಗೂ ಧಕ್ಕೆ ಬರುತ್ತದೆ.

ವಿದ್ಯುತ್ ವಾಹನದ ತೊಡಕುಗಳಲ್ಲಿ ವ್ಯಾಪ್ತಿಗಿಂತ ಹಣಕಾಸೇ ದೊಡ್ಡದು. ಘೋಷಿತ ವ್ಯಾಪ್ತಿಯ ಮೂರನೇ ಎರಡು ಭಾಗವನ್ನಷ್ಟೇ ನಂಬಿ ದಾರಿ ಗೊತ್ತುಮಾಡಿಕೊಂಡರೆ ಆ ಸಮಸ್ಯೆ ಮುಗಿಯುತ್ತದೆ. ಸಾಲದ ವಿಷಯ ಹಾಗಲ್ಲ. ಹಳೆಯ ವಿದ್ಯುತ್ ಗಾಡಿಗೆ ಮಾರುಕಟ್ಟೆಯಲ್ಲಿ ಸ್ಥಿರವಾದ ಬೆಲೆ ಇನ್ನೂ ನೆಲೆಗೊಳ್ಳದ ಕಾರಣ ಸಾಲ ಕೊಡುವವರು ಬಡ್ಡಿ ಹೆಚ್ಚು, ಅವಧಿ ಕಡಿಮೆ ಇಡುವ ಪ್ರವೃತ್ತಿಯಿದೆ. ಪಿಕಪ್ಪನ್ನು ಐದು ವರ್ಷದ ಬಳಿಕವೂ ಸಂತೆಯಲ್ಲಿ ಕೇಳುವವರಿರುತ್ತಾರೆ. ಈ ಕಾರಣದಿಂದ ಲೆಕ್ಕ ಹಾಕುವಾಗ ವಿದ್ಯುತ್ ವಾಹನದ ಮರುಮಾರಾಟ ಬೆಲೆಯನ್ನು ಶೂನ್ಯವೆಂದೇ ಹಿಡಿಯುವುದು ಕ್ಷೇಮ. ಹಾಗೆ ಹಿಡಿದೂ ದಿನಕ್ಕೆ 80 ಕಿ.ಮೀ. ಓಡುವ ವಿತರಕರ ಲೆಕ್ಕ ಗೆಲ್ಲುತ್ತದೆ ಎಂಬುದೇ ಇಲ್ಲಿ ಮುಖ್ಯ. ತೃತೀಯ ಪಕ್ಷದ ವಿಮಾ ಕಂತಿನಲ್ಲಿ 2022ರಿಂದ ವಿದ್ಯುತ್ ವಾಹನಗಳಿಗೆ ಕೊಟ್ಟ ಶೇ. 15ರ ರಿಯಾಯಿತಿ, ಬ್ಯಾಟರಿ ಚಾಲಿತ ಸಾರಿಗೆ ವಾಹನಗಳಿಗೆ 2018ರ ಅಧಿಸೂಚನೆಯಲ್ಲಿ ಕೊಟ್ಟ ಪರ್ಮಿಟ್ ವಿನಾಯಿತಿ, ಇವು ಸಣ್ಣವಾದರೂ ಲೆಕ್ಕಕ್ಕೆ ಬರುವಂತಹವು.

ಚಾರ್ಜಿಂಗ್ ವಿಷಯದಲ್ಲಿ ವರ್ತಕರು ಅಂಗಡಿಯ ವಾಣಿಜ್ಯ ಮೀಟರಿನಿಂದಲೇ ತಂತಿ ಎಳೆಯುವುದು ಸಾಮಾನ್ಯ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ವಾಹನ ಚಾರ್ಜಿಂಗ್‌ಗಾಗಿ ಪ್ರತ್ಯೇಕ ದರ ವರ್ಗವನ್ನು ಇರಿಸಿದೆ. ಎರಡು ಗಾಡಿಗಳಿಗಿಂತ ಹೆಚ್ಚು ಇರುವವರು ಬೇರೆ ಮೀಟರಿಗೆ ಅರ್ಜಿ ಹಾಕಿಕೊಂಡು ಎರಡೂ ದರಗಳನ್ನು ಹೋಲಿಸಿ ನೋಡಬೇಕು. ಬಾಡಿಗೆ ಗೋದಾಮಿನಲ್ಲಿರುವ ಸಣ್ಣ ವ್ಯಾಪಾರಿಗಳಿಗೆ ಮಾಲೀಕರ ಒಪ್ಪಿಗೆಯಿಲ್ಲದೆ ಇದು ಆಗದ ಮಾತು. ಅಂತಹವರಿಗಾಗಿ ಎಪಿಎಂಸಿ ಪ್ರಾಂಗಣಗಳಲ್ಲಿ, ಕೈಗಾರಿಕಾ ವಸಾಹತುಗಳಲ್ಲಿ ರಾತ್ರಿ ಗಾಡಿ ನಿಲ್ಲಿಸಿ ಚಾರ್ಜು ಮಾಡುವ ಸಾಮೂಹಿಕ ತಾಣಗಳಿಗೆ ವಾಣಿಜ್ಯ ಸಂಸ್ಥೆಗಳು ಮಾರುಕಟ್ಟೆ ಸಮಿತಿಗಳನ್ನೂ ವಿದ್ಯುತ್ ಸರಬರಾಜು ಕಂಪನಿಗಳನ್ನೂ ಒತ್ತಾಯಿಸುವ ಕಾಲ ಬಂದಿದೆ. ಸದಸ್ಯರ ಬಳಿ ಎಷ್ಟು ಗಾಡಿಗಳಿವೆ, ಅವು ದಿನಕ್ಕೆ ಎಷ್ಟು ದೂರ ಓಡುತ್ತವೆ, ರಾತ್ರಿ ಎಲ್ಲಿ ನಿಲ್ಲುತ್ತವೆ ಎಂಬ ಪಟ್ಟಿಯನ್ನು ಅರ್ಜಿಯೊಡನೆ ಲಗತ್ತಿಸಿದರೆ ಅದನ್ನು ತಳ್ಳಿಹಾಕುವುದು ಅಧಿಕಾರಿಗಳಿಗೂ ಕಷ್ಟ.